ತುಪ್ಪ ಕೊಡದ ಜೇನಿಗೆ ಹೆಸರೇ ಇಲ್ಲ

ಎರಡು ಮೂರು ವರ್ಷದ ಹಿಂದೆ ಮೇ 20ರಂದು ನಮ್ಮ ಕಡೆಯ ಒಂದೂರಿನಲ್ಲಿ ವಿಶ್ವ ಜೇನು ದಿನಾಚರಣೆ ನಡೆಯಿತು. ನನ್ನನ್ನು ಕರೆದದ್ದು ಭಾಷಣಕ್ಕಲ್ಲ, ಮೈಕ್ ಸೆಟ್ಟಿಗೆ ಲೈನ್ ಎಳೆದುಕೊಡಲಿಕ್ಕೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಆಳೆತ್ತರದ ಜೇನುಹುಳ. ಏಣಿ ಹತ್ತಿ ಲೈಟು ಕಟ್ಟುವಾಗ ಅದೂ ನಾನೂ ಮುಖಾಮುಖಿಯಾದೆವು. ಎರಡೇ ರೆಕ್ಕೆ, ಮುಖದ ತುಂಬ ಕಣ್ಣು, ಇದ್ದೂ ಇಲ್ಲದಂಥ ಮೀಸೆ. ಜೇನಿಗಾದರೆ ನಾಲ್ಕು ರೆಕ್ಕೆ ಇರಬೇಕು. ಅದು ಜೇನಿನ ವೇಷ ಹಾಕಿ ಹಕ್ಕಿಗಳನ್ನು ಯಾಮಾರಿಸುವ ಹೂನೊಣ. ಬ್ಯಾನರ್ ಮಾಡಿಸಿದವರನ್ನೂ ಯಾಮಾರಿಸಿತ್ತು.

ಭಾಷಣಗಳಾದವು. ಜೇನು ಅಳಿದರೆ ನಾಲ್ಕೇ ವರ್ಷದಲ್ಲಿ ಮನುಷ್ಯನೂ ಅಳಿಯುತ್ತಾನೆಂದು ಐನ್‌ಸ್ಟೈನ್ ಹೇಳಿದ್ದಾರೆ ಎಂಬ ಮಾತು ಎರಡು ಸಲ ಬಂತು. ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ಎಲ್ಲೂ ದಾಖಲೆ ಇಲ್ಲ, ಇರಲಿ. ಎರಡು ದಿನ ಮೊದಲೇ ತಂದು ಅದೇ ವೇದಿಕೆಯಲ್ಲಿ ನಿಲ್ಲಿಸಿಟ್ಟಿದ್ದ ಮೈಕ್ ಸ್ಟ್ಯಾಂಡಿನ ಕೊಳವೆಯಲ್ಲಿ ಸ್ಕ್ರೂ ಬಿದ್ದುಹೋದ ಒಂದು ತೂತಿತ್ತು. ಮೂರನೆಯವರು ಮಾತಾಡುತ್ತಿದ್ದಾಗ ಕಪ್ಪುಕಂದು ಬಣ್ಣದ ಹುಳವೊಂದು ಹೊಟ್ಟೆಯಡಿ ಹಸಿರೆಲೆಯ ತುಂಡು ಅವುಚಿಕೊಂಡು ಬಂದು ಆ ತೂತಿನೊಳಗೆ ನುಗ್ಗಿತು. ಹೊರಗೆ ಬಂತು, ಹೋಯಿತು, ಇನ್ನೊಂದು ತುಂಡು ತಂದಿತು. ಜೇನು ಉಳಿಸಿ ಎನ್ನುತ್ತಿದ್ದವರು ವಾಕ್ಯದ ನಡುವೆಯೇ ಕರವಸ್ತ್ರದಿಂದ ಅದನ್ನು ಫಟ್ಟನೆ ಹೊಡೆದು ಮಾತು ಮುಂದುವರಿಸಿದರು. ಕೊನೆಗೆ ಫಲಾನುಭವಿಗಳಿಗೆ ಜೇನುಪೆಟ್ಟಿಗೆ ವಿತರಣೆ, ಉಪ್ಪಿಟ್ಟು, ಚಹಾ.

ಸತ್ತು ಬಿದ್ದದ್ದೂ ಜೇನೇ. ಸಭೆಯಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬ. ನಾನು ಆಂಪ್ಲಿಫೈಯರಿನ ಹಿಂದೆ ಕೂತಿದ್ದೆ, ಬಾಯಿ ಬಿಡಲಿಲ್ಲ. ಆ ದಿನ ಬಿಡದ ಬಾಯನ್ನು ಈಗ ಬಿಡುತ್ತಿದ್ದೇನೆ.

ನಮ್ಮೂರು ಬೆಳಂಬಾರ. ಅಂಕೋಲೆಯ ಕಡಲ ಮಗ್ಗುಲಲ್ಲಿದೆ. ಊರ ಹೆಸರು ಕೇಳಿದೊಡನೆ ರಾಜ್ಯದ ಬಹಳ ಜನಕ್ಕೆ ಪಾರ್ಶ್ವವಾಯುವಿನ ನಾಟಿ ಔಷಧ ನೆನಪಾಗುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದ ಗಾಡಿಯವರು ನನ್ನಂಥವನನ್ನು ನಿಲ್ಲಿಸಿ ದಾರಿ ಕೇಳುತ್ತಾರೆ. ನಾನು ವೈದ್ಯನಲ್ಲ, ವಯರ್‌ಮನ್. 1984ರಲ್ಲಿ ಸಹಾಯಕನಾಗಿ ಸೇರಿ, ಆಮೇಲೆ ಸ್ವಂತಕ್ಕೆ, ಒಟ್ಟು ಮೂವತ್ತೆಂಟು ವರ್ಷ ಅಂಕೋಲೆ, ಕಾರವಾರ ತಾಲೂಕಿನ ಮನೆಗಳ ಗೋಡೆ ಕೊರೆದವನು. ಕೈಗಾದಲ್ಲಿ ಕರೆಂಟು ಹುಟ್ಟುತ್ತದೆ, ಮಳೆಗಾಲದಲ್ಲಿ ನಮ್ಮೂರಿಗೆ ಬರುವುದು ಮಾತ್ರ ಅದರ ಮರ್ಜಿ. ಹಾಗಾಗಿ ನಮಗೆ ಕೆಲಸಕ್ಕೆ ಬರವಿರಲಿಲ್ಲ.

ನಾನು ಕೆಲಸ ಕಲಿತಾಗ ವಯರಿಂಗ್ ಎಂದರೆ ಸಾಗವಾನಿ ಪಟ್ಟಿ. ಚಿರೆಕಲ್ಲಿನ ಇಲ್ಲವೇ ಮಣ್ಣಿನ ಗೋಡೆಯಲ್ಲಿ ಉಳಿಯಿಂದ ತೂತು ಮಾಡಿ, ಮರದ ಗಿಟ್ಟಿ ಹೊಡೆದು, ಅದರ ಮೇಲೆ ಪಟ್ಟಿ ಕೂಡಿಸಿ, ತಗಡಿನ ಕ್ಲಿಪ್ಪಿನಲ್ಲಿ ವಯರು ಬಿಗಿಯಬೇಕು. ಗಿಟ್ಟಿ ಒಣಗಿ ಸಣ್ಣಗಾದರೆ ಸಂದಿ. ಪಟ್ಟಿ ಬಾಗಿದರೆ ಸಂದಿ. ಮರದ ರೌಂಡ್ ಬ್ಲಾಕಿನ ಹಿಂದೆ ಟೊಳ್ಳು. ಹಳೆಯ 15 ಆಂಪಿಯರಿನ ಪ್ಲಗ್ಗಿಗೆ ಈಗಿನ ಹಾಗೆ ಒಳಗಡೆ ಮುಚ್ಚಳ ಇರಲಿಲ್ಲ, ಮೂರು ತೂತೂ ಬಾಯಿ ತೆರೆದೇ ಇರುತ್ತಿದ್ದವು. ಅದರಲ್ಲಿ ಮೇಲಿನ ಅರ್ಥಿಂಗ್ ತೂತು ದೊಡ್ಡದು. ದುರಸ್ತಿಗೆಂದು ಇಂಥ ಬೋರ್ಡು ಬಿಚ್ಚಿದಾಗೆಲ್ಲ ಒಳಗಿನಿಂದ ಎಲೆಯ ಸುರುಳಿಗಳು ಉದುರುತ್ತಿದ್ದವು. ಬೀಡಿಯ ಮೋಟಿನಷ್ಟು ಗಾತ್ರ, ಬೀಡಿಯಷ್ಟೇ ನಾಜೂಕಾಗಿ ಸುತ್ತಿದ್ದು, ಒಂದರ ಬೆನ್ನಿಗೊಂದು ಪೋಣಿಸಿದ ಹಾಗೆ. ನಮ್ಮ ಉಸ್ತಾದ "ಕಸ" ಎಂದು ಬಾಯಿಂದ ಊದಿ ಚೆಲ್ಲುತ್ತಿದ್ದ. ನಾನೂ ಇಪ್ಪತ್ತು ವರ್ಷ ಊದಿ ಚೆಲ್ಲಿದೆ.

ಅದು ಕಸವಲ್ಲ ಎಂದು ಹೇಳಿದ್ದು ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದ ಮಗಳು. ರಜೆಗೆ ಬಂದಾಗ ಅಂಗಿ ಕಿಸೆಯಲ್ಲಿ ಉಳಿದಿದ್ದ ಒಂದು ಸುರುಳಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದಳು. ಸುತ್ತಲಿನ ಗೋಡೆಗೆ ಉದ್ದನೆ ಎಲೆ ತುಂಡುಗಳು, ಬಾಗಿಲಿಗೆ ರೂಪಾಯಿಯಷ್ಟು ದುಂಡಗೆ ಕತ್ತರಿಸಿದ ಮುಚ್ಚಳ, ಒಂದರ ಮೇಲೊಂದು ನಾಲ್ಕೈದು. ಒಳಗೆ ಪರಾಗ ಮತ್ತು ಮಕರಂದ ಕಲಸಿದ ಹಳದಿ ಉಂಡೆ. ಉಂಡೆಯ ಮೇಲೆ ಬಿಳಿ ಹುಳು. ಎಲೆ ಕತ್ತರಿಸುವ ಈ ಜೇನಿಗೆ ವಿಜ್ಞಾನದಲ್ಲಿ ಮೆಗಾಕೈಲ್ ಎಂದು ಹೆಸರು. ಒಂದು ಕೋಣೆಗೆ ಒಂದೇ ಮೊಟ್ಟೆ. ಆ ಒಂದು ಉಂಡೆಗಾಗಿ ತಾಯಿ ಎಷ್ಟೋ ಸಲ ಹೂವಿಗೂ ಗೂಡಿಗೂ ಓಡಾಡಬೇಕು. ಮುಚ್ಚಳ ಹಾಕಿದ ಮೇಲೆ ಅವಳು ಮಗುವಿನ ಮುಖ ನೋಡುವುದಿಲ್ಲ. ಹೊರಗಿನ ಅವಳ ಆಯುಸ್ಸೇ ಕೆಲವು ವಾರ.

ಆ ಹುಳುವನ್ನು ನೋಡಿದ ರಾತ್ರಿ ನಾನು ಊದಿ ಚೆಲ್ಲಿದ್ದನ್ನೆಲ್ಲ ಲೆಕ್ಕ ಹಾಕಲು ಕೂತೆ, ಅರ್ಧಕ್ಕೇ ಬಿಟ್ಟೆ.

ಮಗಳು ಹೇಳಿದ ಇನ್ನೊಂದು ಸಂಗತಿ ನನ್ನ ಕಸುಬಿಗೇ ಸಂಬಂಧಪಟ್ಟದ್ದು. ತೂತಿನ ಒಳತುದಿಯ ಕೋಣೆಗಳಲ್ಲಿ ತಾಯಿ ಹೆಣ್ಣು ಮೊಟ್ಟೆ ಇಡುತ್ತಾಳೆ, ಬಾಗಿಲ ಕಡೆಯ ಕೋಣೆಗಳಲ್ಲಿ ಗಂಡು. ಗಂಡುಗಳು ಮೊದಲು ಹೊರಬಿದ್ದು ಕಾಯುತ್ತವೆ. ತೂತು ಗಿಡ್ಡವಾದಷ್ಟೂ ಹೆಣ್ಣಿಗೆ ಜಾಗ ಕಡಿಮೆ, ಗಂಡೇ ಹೆಚ್ಚು. ಅಂದರೆ ಆಳ ಇಲ್ಲದ ತೂತು ಮುಂದಿನ ವರ್ಷಕ್ಕೆ ಏನೂ ಉಳಿಸುವುದಿಲ್ಲ. ಸಾಗವಾನಿ ಪಟ್ಟಿ ಹೋಗಿ ಪ್ಲಾಸ್ಟಿಕ್ ಪಟ್ಟಿ ಬಂತು, ಅದೂ ಹೋಗಿ ಗೋಡೆಯೊಳಗೆ ಪೈಪು ಹುಗಿಯುವ ಕಾಲ ಬಂತು. ಈಗಿನ ಬೋರ್ಡು ಸೊಳ್ಳೆಯೂ ನುಗ್ಗದಷ್ಟು ಬಿಗಿ. ಮನುಷ್ಯನ ಸುರಕ್ಷತೆಗೆ ಅದೇ ಸರಿ, ನಾನೇ ಹಾಕಿದ್ದೇನೆ, ತಪ್ಪೆನ್ನುವುದಿಲ್ಲ. ಆದರೆ ಮೊದಲು ಒಂದು ಮಳೆಗಾಲದ ದುರಸ್ತಿಯಲ್ಲಿ ಬೆಂಕಿಪೊಟ್ಟಣ ತುಂಬುವಷ್ಟು ಸಿಗುತ್ತಿದ್ದ ಸುರುಳಿ, ನಾನು ಕೆಲಸ ಬಿಡುವ ಹೊತ್ತಿಗೆ ವರ್ಷಕ್ಕೆ ಒಂದೋ ಎರಡೋ ಆಗಿತ್ತು.

ಬರೀ ತೂತು ಮುಚ್ಚಿದ್ದಕ್ಕೆ ಹೀಗಾಯಿತು ಎಂದು ನಾನು ನಂಬುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೆಸರಿನ ವಿಷಯ.

ಕನ್ನಡದಲ್ಲಿ ಜೇನು ಎಂದರೆ ಹುಳವೂ ಹೌದು, ತುಪ್ಪವೂ ಹೌದು. ತುಪ್ಪ ಕೊಟ್ಟದ್ದಕ್ಕೆಲ್ಲ ನಾವು ಮರ್ಯಾದೆಯಿಂದ ಹೆಸರಿಟ್ಟಿದ್ದೇವೆ: ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿ. ಕೊಡದವು ಬರೀ "ಹುಳ". ಜಗತ್ತಿನಲ್ಲಿ ಹೆಸರಿಸಿದ ಜೇನುಗಳು 20,000ಕ್ಕೂ ಹೆಚ್ಚು, ಭಾರತದಲ್ಲಿ 700ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಗುಂಪು ಕಟ್ಟದವು. ರಾಣಿ ಇಲ್ಲ, ಆಳಿಲ್ಲ, ಕಾವಲಿಲ್ಲ. ಪ್ರತಿ ಹೆಣ್ಣೂ ತಾನೇ ಮೇಸ್ತ್ರಿ, ತಾನೇ ಕೂಲಿ, ತಾನೇ ಬಾಣಂತಿ. ದೋಚಲು ತುಪ್ಪದ ದಾಸ್ತಾನಿಲ್ಲ, ಹಾಗಾಗಿ ಕಾಯುವ ಸಿಟ್ಟೂ ಇಲ್ಲ. ಬೆರಳಲ್ಲಿ ಹಿಸುಕಿದರೆ ಮಾತ್ರ ಚುಚ್ಚೀತು. ಪುಸ್ತಕದವರು "ಏಕಾಂಗಿ ಜೇನು" ಎನ್ನುತ್ತಾರೆ, ಸಿನೆಮಾದ ಹೆಸರಿನ ಹಾಗೆ ಕೇಳುತ್ತದೆ. ನಾನು ಒಂಟಿಜೇನು ಎನ್ನುತ್ತೇನೆ. ಇವುಗಳಲ್ಲಿ ದೊಡ್ಡ ಕಪ್ಪು ದುಂಬಿಗೆ ಮಾತ್ರ ಕವಿಗಳ ಕೃಪೆಯಿಂದ ಭೃಂಗ, ಭ್ರಮರ ಎಂದೆಲ್ಲ ಹೆಸರು ಸಿಕ್ಕಿತು. ಆದರೆ ಶಾಲೆಯ ಪುಸ್ತಕ ಗಟ್ಟಿ ರೆಕ್ಕೆಯ ಸಗಣಿಹುಳಕ್ಕೂ ದುಂಬಿ ಎಂದೇ ಬರೆದು ಅದನ್ನೂ ಕೆಡಿಸಿತು.

ನಮ್ಮ ಹಿತ್ತಿಲ ಪಕ್ಕದ ಗದ್ದೆಯಲ್ಲಿ ತರಕಾರಿ ಮಾಡುವ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬಳಿದ್ದಾಳೆ. ಬೆಳಿಗ್ಗೆ ಹರಿವೆ, ಬದನೆ, ಗೆಣಸು ಬುಟ್ಟಿಗೆ ತುಂಬಿ ಅಂಕೋಲೆ ಪೇಟೆಗೆ ಹೊರಟರೆ ಹತ್ತು ಗಂಟೆಗೆ ಬುಟ್ಟಿ ಖಾಲಿ ಮಾಡಿ ತಿರುಗಿ ಬರುವವಳು. ಅವಳ ಭಾಷೆಯಲ್ಲಿ ಬದನೆ ಹೂವಿಗೆ ಬರುವ ಒಂಟಿಜೇನು "ಕುಂಯ್‌ಗುಡು ಹುಳ". ಅದು ಬರದಿದ್ದರೆ ಬದನೆ ಸೊಟ್ಟ ಆಗುತ್ತದೆ ಎನ್ನುತ್ತಾಳೆ. ನಾನು ಮೊದಲು ನಕ್ಕಿದ್ದೆ.

ಬದನೆ ಹೂವನ್ನು ಹತ್ತಿರದಿಂದ ನೋಡಿ. ನಡುವಿನ ಹಳದಿ ಕೇಸರಗಳು ಉಪ್ಪಿನ ಡಬ್ಬಿಯ ಹಾಗಿವೆ. ಪರಾಗ ಒಳಗಿದೆ, ತುದಿಯಲ್ಲಿ ಎರಡು ಸಣ್ಣ ತೂತು. ಗಾಳಿ ಅಲ್ಲಾಡಿಸಿದರೆ ಅಷ್ಟಿಷ್ಟು ಉದುರುತ್ತದೆ. ಪೂರ್ತಿ ಬೇಕಾದರೆ ಡಬ್ಬಿಯನ್ನು ಹಿಡಿದು ಕುಲುಕಬೇಕು. ಪೆಟ್ಟಿಗೆಯಲ್ಲಿ ಸಾಕುವ ತುಡುವೆಗೆ ಆ ವಿದ್ಯೆ ಬಾರದು. ಬರುವುದು ನೀಲಿ ಪಟ್ಟಿಯ ಒಂಟಿಜೇನಿಗೆ, ಅಂದರೆ ಅಮೆಗಿಲ್ಲಾಕ್ಕೆ; ಗದ್ದೆಯ ಹಾಳಿಯಲ್ಲಿ (ಬದುವಿನಲ್ಲಿ) ಬಿಲ ತೋಡುವ ನೋಮಿಯಾ ಜಾತಿಗಳಿಗೆ; ಮತ್ತೆ ಆ ಕಪ್ಪು ದುಂಬಿಗೆ. ಹೂವಿಗೆ ಜೋತುಬಿದ್ದು, ರೆಕ್ಕೆ ಮಡಚಿಕೊಂಡು, ಹಾರಲು ಬಳಸುವ ಸ್ನಾಯುವನ್ನೇ ನಡುಗಿಸುತ್ತವೆ. ಪರಾಗ ಹೊಗೆಯ ಹಾಗೆ ಚಿಮ್ಮಿ ಹೊಟ್ಟೆಗೆ ಅಂಟುತ್ತದೆ.

ಆ ಸದ್ದನ್ನು ನಾನು ಕಿವಿಯಲ್ಲೇ ಅಳೆಯಬಲ್ಲೆ, ಅದು ನನ್ನ ಕಸುಬಿನ ಕಿವಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುವುದು ಅದರ ಇಮ್ಮಡಿ, 100. ಬದನೆ ಹೂವಿನಲ್ಲಿ ಹೊರಡುವ ಸ್ವರ ಅದಕ್ಕಿಂತ ಒಂದು ಸಪ್ತಕಕ್ಕೂ ಮೇಲೆ. ಹಾರುವಾಗ ಒಂದು ಸ್ವರ, ಹೂವಿಗೆ ಜೋತುಬಿದ್ದ ಕ್ಷಣ ಇನ್ನೊಂದು. ಮೋಟರಿಗೆ ಲೋಡು ಬಿದ್ದಾಗ ಬದಲಾಗುತ್ತದಲ್ಲ, ಹಾಗೆ. ಆಸ್ಟ್ರೇಲಿಯಾದಲ್ಲಿರುವ ನೀಲಿ ಪಟ್ಟಿಯ ಜೇನಿನ ದಾಯಾದಿಯೊಂದು ಟೊಮೆಟೊ ಹೂವಿಗೆ ಸೆಕೆಂಡಿಗೆ ಸುಮಾರು 350 ಸಲ ತಲೆ ಚಚ್ಚುತ್ತದೆ ಎಂದು 2015ರಲ್ಲಿ ವೇಗದ ಕ್ಯಾಮೆರಾ ಇಟ್ಟು ಕಂಡುಕೊಂಡರು. ಅಜ್ಜಿಯ ಕಿವಿಗೆ ಕ್ಯಾಮೆರಾ ಬೇಕಾಗಿರಲಿಲ್ಲ.

ಈ ಕುಲುಕಿಸಿಕೊಳ್ಳುವ ಹೂಗಳೇ ಒಂದು ಪಂಗಡ. ಗುಡ್ಡದಂಚಿನ ನೆಕ್ಕರಕ ಇದೆಯಲ್ಲ, ತಿಂದರೆ ನಾಲಗೆ ಮಸಿಯಾಗುವ ಹಣ್ಣಿನದು, ಅದರ ಹೂವಿನಲ್ಲಿ ಕೇಸರ ಎರಡು ಥರ. ಗಿಡ್ಡನೆಯ ಹಳದಿ ಐದು, ಉದ್ದನೆಯ ನೇರಳೆ ಐದು. ದುಂಬಿಯ ಕಣ್ಣು ಹಳದಿಯ ಮೇಲೆ. ಅದನ್ನು ಹಿಡಿದು ನಡುಗಿಸುತ್ತಿದ್ದಂತೆ ಎಸಳಿನ ಬಣ್ಣದ ನಡುವೆ ಮರೆಯಾಗಿ ಬಾಗಿರುವ ಉದ್ದನೆಯವು ಸದ್ದಿಲ್ಲದೆ ಬೆನ್ನಿಗೋ ಪಕ್ಕೆಗೋ ಪರಾಗ ಬಳಿಯುತ್ತವೆ. ಊಟಕ್ಕೊಂದು, ಬೀಜಕ್ಕೊಂದು. ಹೂವಿನಲ್ಲಿ ತೊಟ್ಟು ಮಕರಂದವಿಲ್ಲ, ತುಪ್ಪದ ಜೇನಿಗೆ ಅಲ್ಲಿ ಹೆಚ್ಚಿನ ಕೆಲಸವೂ ಇಲ್ಲ. ಎಕ್ಕೆಯದು ಇನ್ನೂ ಹಟ. ಅದರ ಪರಾಗ ಪುಡಿಯಲ್ಲ, ಜೋಡಿ ಚೀಲ. ಹುಳದ ಕಾಲು ಸಂದಿಯಲ್ಲಿ ಸಿಕ್ಕಿ, ಅದು ಜೋರಾಗಿ ಕಿತ್ತುಕೊಂಡರೆ ಮಾತ್ರ ಚೀಲ ಕಾಲಿಗಂಟಿ ಹೊರಡುತ್ತದೆ. ಸಣ್ಣಪುಟ್ಟವು ಅಲ್ಲೇ ಸಿಕ್ಕಿ ಸಾಯುವುದನ್ನು ನೋಡಿದ್ದೇನೆ. ಕಿತ್ತುಕೊಳ್ಳುವ ತಾಕತ್ತಿರುವುದು ಕಪ್ಪು ದುಂಬಿಗೆ. ಗಣಪತಿಗೆ ಎಕ್ಕೆ ಮಾಲೆ ಹಾಕುವಾಗ ಇದನ್ನೂ ನೆನೆಯಬಹುದು.

ಬೆಳಂಬಾರದ ಮರಳ ದಂಡೆಯಲ್ಲಿ ಬಂಗಡೆ ಬಳ್ಳಿ ಹಬ್ಬಿರುತ್ತದೆ. ಬೆಳಿಗ್ಗೆ ಅರಳಿ ಮಧ್ಯಾಹ್ನ ದಾಟುವುದರೊಳಗೆ ಮುದುಡುವ ನೇರಳೆ ಹೂವು. ಅಷ್ಟರೊಳಗೆ ದುಂಬಿಯೂ ನೀಲಿ ಪಟ್ಟಿಯದೂ ಸರದಿ ಮುಗಿಸಬೇಕು. ಹೊಳೆಬದಿಯ ಕೆಸರಿನಲ್ಲಿ ಹೊಳೆಚುಳ್ಳಿ. ಗದ್ದೆ ಹಾಳಿಯಲ್ಲಿ ತುಂಬೆ, ಅಂಗಳದಲ್ಲಿ ತುಳಸಿ, ಮಕ್ಕಳು ಕಾಯಿ ಅಲ್ಲಾಡಿಸಿ ಗಿಲಿಗಿಲಿ ಆಡುವ ಹಳದಿ ಹೂವಿನ ಗಿಡ. ಮುಸ್ಸಂಜೆ ತುಂಬೆಯ ಒಣ ಕಡ್ಡಿಗೆ ಟಾರ್ಚು ಬಿಟ್ಟರೆ ನೀಲಿ ಪಟ್ಟಿಯ ಗಂಡುಗಳು ದವಡೆಯಿಂದ ಕಡ್ಡಿ ಕಚ್ಚಿ, ಕಾಲು ಬಿಟ್ಟು, ಸಾಲಾಗಿ ನೇತಾಡುತ್ತ ನಿದ್ದೆ ಹೋಗಿರುತ್ತವೆ. ಅವಕ್ಕೆ ಮನೆ ಇಲ್ಲ. ಮನೆ ಕಟ್ಟುವವಳು ಹೆಣ್ಣು, ಗಂಡಿಗೆ ಬಾಗಿಲಾಚೆಯ ಕಡ್ಡಿ. ಇದನ್ನು ತೋರಿಸಿದಾಗ ನನ್ನ ಹೆಂಡತಿ ಬಹಳ ಹೊತ್ತು ನಕ್ಕಳು.

ಈಗ ತೂತಿನಾಚೆಯ ಕಾರಣಕ್ಕೆ ಬರುತ್ತೇನೆ. ಈ ಜೇನುಗಳಿಗೆ ಬೇಕಾದ್ದು ಮೂರು ಪೈಸೆಯ ವಸ್ತುಗಳು. ತುಳಿಯದೆ ಬಿಟ್ಟ ಬರಿ ಮಣ್ಣು, ಟೊಳ್ಳು ಕಡ್ಡಿ, ಕಳೆ ಎನ್ನಿಸಿಕೊಂಡ ಹೂವು. ಮೂರನ್ನೂ ನಾವು ಈಗ ದಾರಿದ್ರ್ಯ ಎನ್ನುತ್ತೇವೆ. ನಮ್ಮ ಮನೆಗೆ ಮೊದಲು ದಣಪೆ ಇತ್ತು. ಬಿದಿರ ಗಳಗಳನ್ನು ಸರಿಸಿ ಒಳಬರಬೇಕು. ಆ ಗಳಗಳ ತುದಿಯ ಟೊಳ್ಳಿನಲ್ಲಿ ಒಂದಲ್ಲ ಒಂದು ಜೇನು. ಈಗ ಕಬ್ಬಿಣದ ಗೇಟು. ಮಣ್ಣಿನ ಕೊಟ್ಟಿಗೆ ಗೋಡೆಯಲ್ಲಿ ನೀಲಿ ಪಟ್ಟಿಯವು ಬಿಲ ತೋಡುತ್ತಿದ್ದವು. ಅದರ ಹಿಂದೆಯೇ ಮೈಮೇಲೆ ಆಕಾಶನೀಲಿ ಚುಕ್ಕೆಯ ಇನ್ನೊಂದು ಜೇನು ಹೊಂಚುತ್ತಿತ್ತು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ ಇದು ಅದರ ಬಿಲದಲ್ಲಿ ಇಡುತ್ತದೆ. ಅಷ್ಟು ಚೆಂದದ ಕಳ್ಳಿಯನ್ನು ನಾನು ಬೇರೆ ಕಂಡಿಲ್ಲ. ಕೊಟ್ಟಿಗೆ ಕೆಡವಿ ಸಿಮೆಂಟು ಮಾಡಿದೆವು. ಮನೆಯವಳೂ ಹೋದಳು, ಕಳ್ಳಿಯೂ ಹೋದಳು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆವು. ಹಾಕಿಸಿದವನು ನಾನೇ, ಮಗಳ ಮದುವೆಗೆ.

ಹಾಳಿಯ ತುಂಬೆಯನ್ನು ಮೊದಲು ಕತ್ತಿಯಿಂದ ಸವರುತ್ತಿದ್ದರು, ಮತ್ತೆ ಚಿಗುರುತ್ತಿತ್ತು. ಈಗ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಕಳೆನಾಶಕ ಹೊಡೆಯುತ್ತಾರೆ. ನಾಲ್ಕು ದಿನದಲ್ಲಿ ಹಾಳಿ ಸುಟ್ಟ ಚಪಾತಿಯ ಬಣ್ಣ. ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿದಾರರು ಬಿಟ್ಟು ಬೇರೆ ಯಾರೂ ಬಳಸಕೂಡದು ಎಂದು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಅಂಗಡಿಯಲ್ಲಿ ಮಾತ್ರ ಅದು ಹಾಲಿನ ಪ್ಯಾಕೆಟಿನಷ್ಟೇ ಸುಲಭವಾಗಿ ಸಿಗುತ್ತದೆ. ಕೂಲಿಗೆ ಜನ ಸಿಗುವುದಿಲ್ಲ ಎಂಬ ಮಾತು ನಿಜ. ಅದನ್ನು ಅಲ್ಲಗಳೆಯುವಷ್ಟು ಗದ್ದೆ ನನಗಿಲ್ಲ. ಆದರೆ ಭತ್ತದ ನಡುವೆ ಹೊಡೆಯುವುದು ಒಂದು, ಯಾವ ಬೆಳೆಯೂ ಇಲ್ಲದ ದಾರಿಬದಿಗೂ ಹಾಳಿಗೂ ಶಾಲೆಯ ಕಂಪೌಂಡಿನ ಬುಡಕ್ಕೂ "ಚೊಕ್ಕ ಕಾಣಲಿ" ಎಂದು ಹೊಡೆಯುವುದು ಇನ್ನೊಂದು. ಎರಡನೆಯದಕ್ಕೆ ನನ್ನ ತಕರಾರು.

ಇಷ್ಟಾದ ಮೇಲೆ ಸರಕಾರದವರು ಬಂದು ಜೇನು ಉಳಿಸಲು ಪೆಟ್ಟಿಗೆ ಕೊಡುತ್ತಾರೆ. ಪೆಟ್ಟಿಗೆಗೆ ನನ್ನ ವಿರೋಧ ಇಲ್ಲ. ನನ್ನ ಭಾವ ತುಡುವೆ ಸಾಕುತ್ತಾನೆ, ತುಪ್ಪ ತಂದುಕೊಡುತ್ತಾನೆ, ನೆಕ್ಕುತ್ತೇನೆ. ತೊಂಬತ್ತರ ದಶಕದ ಮೊದಲಲ್ಲಿ ದಕ್ಷಿಣ ಭಾರತದ ಉದ್ದಕ್ಕೂ ತುಡುವೆ ರೋಗ ಬಂದು ಪೆಟ್ಟಿಗೆಗಳು ಖಾಲಿಯಾದದ್ದು ಆ ಪೀಳಿಗೆಯ ಜೇನು ಕೃಷಿಕರಿಗೆ ಮರೆತಿಲ್ಲ. ಅವರ ಕಷ್ಟ ದೊಡ್ಡದು. ಆದರೆ ಪೆಟ್ಟಿಗೆ ಹಂಚುವುದು ಕೋಳಿ ಹಂಚಿದ ಹಾಗೆ, ಅದು ಸಾಕಣೆ. ಕೋಳಿ ಹಂಚಿ ಹಕ್ಕಿ ಉಳಿಸಿದೆವು ಎಂದು ಯಾರಾದರೂ ಹೇಳುತ್ತಾರೆಯೇ? ಒಂದು ಪೆಟ್ಟಿಗೆಯಲ್ಲಿ ಸಾವಿರಾರು ಬಾಯಿ. ಊರಿಗೆ ಹೂವು ಹೆಚ್ಚಾಗದೆ ಬಾಯಿ ಮಾತ್ರ ಹೆಚ್ಚಾದರೆ, ಒಂದು ಉಂಡೆ ಕಟ್ಟಲು ಒಂಟಿಯಾಗಿ ಅಲೆಯುವ ತಾಯಿಗೆ ಏನು ಉಳಿದೀತು? ಪೆಟ್ಟಿಗೆಯ ಜೊತೆ ಒಂದು ಬೇಲಿ ತುಂಬೆಯನ್ನೂ ಒಂದು ಗುಡ್ಡದಂಚು ನೆಕ್ಕರಕವನ್ನೂ ಬಿಡುವ ಯೋಜನೆ ಯಾರೂ ತಂದಿಲ್ಲ. ಅದಕ್ಕೆ ಟೆಂಡರು ಕರೆಯಲು ಬರುವುದಿಲ್ಲವಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹುಳ ಎಣಿಸುವ ಚಾಳಿ ಹೊಸತಲ್ಲ. ಅಂಕೋಲೆಯವರು 1930ರಲ್ಲಿ ಉಪ್ಪಿನ ಕಾಯಿದೆ ಮುರಿದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೂರು ನಾಲ್ಕು ದಶಕ ಮೊದಲು ಅದೇ ಉಪ್ಪಿನ ಇಲಾಖೆಯ ಅಧಿಕಾರಿ ಇ.ಎಚ್. ಐಟ್ಕೆನ್, ಕಲೆಕ್ಟರ್ ಜೇಮ್ಸ್ ಡೇವಿಡ್ಸನ್ ಮತ್ತು ಅರಣ್ಯಾಧಿಕಾರಿ ಟಿ.ಆರ್. ಬೆಲ್ ಈ ಮೂವರು ಸೇರಿ ಉತ್ತರ ಕನ್ನಡದ ಚಿಟ್ಟೆಗಳನ್ನು ಮೊಟ್ಟೆಯಿಂದ ಹಿಡಿದು ಸಾಕಿ, ಯಾವ ಚಿಟ್ಟೆಯ ಹುಳು ಯಾವ ಗಿಡ ತಿನ್ನುತ್ತದೆಂದು ಬರೆದಿಟ್ಟರು. 1890ರ ದಶಕದಲ್ಲಿ ಅದು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಬೆಲ್ ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ಕಾರವಾರದಲ್ಲೇ ಉಳಿದು 1948ರಲ್ಲಿ ತೀರಿಕೊಂಡ. ಹಾಗಾಗಿ ನಮ್ಮ ಚಿಟ್ಟೆಗಳಿಗೆ ಜಾತಕ ಇದೆ. ಒಂಟಿಜೇನಿಗೆ ಅಂಥ ಮೂವರು ಸಿಗಲಿಲ್ಲ. ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುಗಳ ಮೇಲೆ ಬಿಂಗಮ್ ಎಂಬ ಸೇನಾಧಿಕಾರಿ 1897ರಲ್ಲಿ ದೊಡ್ಡ ಗ್ರಂಥ ಬರೆದ, ಆದರೆ ಅದು ಸತ್ತ ಹುಳಗಳ ವರ್ಣನೆ. ಯಾವುದು ಯಾವ ಹೂವಿಗೆ, ಯಾವ ತೂತಿಗೆ ಹೋಗುತ್ತದೆಂಬ ಜಾತಕ ಅಲ್ಲಿಲ್ಲ.

ಎಣಿಸದೆ ಇದ್ದರೆ ಏನಾಗುತ್ತದೆಂದರೆ, ಹೋದದ್ದೂ ಗೊತ್ತಾಗುವುದಿಲ್ಲ, ಇದ್ದದ್ದೂ ಗೊತ್ತಾಗುವುದಿಲ್ಲ. ಆಸ್ಟ್ರೇಲಿಯಾದ ಒಂದು ಒಂಟಿಜೇನನ್ನು 1923ರ ನಂತರ ಯಾರೂ ಕಂಡಿರಲಿಲ್ಲ. ಜೇಮ್ಸ್ ಡೋರಿ ಎಂಬ ಹುಡುಗ ಬೇಕೆಂದೇ ಹುಡುಕಿ ಹೊರಟು, ಅದು ಕೆಂಪು ಹೂವಿನ ಒಂದೆರಡು ಜಾತಿಯ ಮರಗಳಿಗೇ ಅಂಟಿಕೊಂಡಿರುವುದನ್ನು ಕಂಡು, 2021ರಲ್ಲಿ ಇನ್ನೂ ಇದೆ ಎಂದು ಬರೆದ. ಜಗತ್ತಿನ ಅತಿ ದೊಡ್ಡ ಜೇನು ಇಂಡೋನೇಷ್ಯದ ದ್ವೀಪಗಳಲ್ಲಿದೆ, ಸುಮಾರು ಹೆಬ್ಬೆರಳಿನಷ್ಟು. ನಿಸರ್ಗ ವಿಜ್ಞಾನಿ ವಾಲೇಸ್ ಹಿಡಿದು ತಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, 1981ರಲ್ಲಿ ಕಂಡು ಮತ್ತೆ ಕಣ್ಮರೆ, 2019ರಲ್ಲಿ ಜೀವಂತ ಫೋಟೊ ಸಿಕ್ಕಿತು. ಅದೂ ಮೆಗಾಕೈಲ್. ನನ್ನ ಪ್ಲಗ್ಗಿನ ತೂತಿನಲ್ಲಿದ್ದದ್ದರ ದೊಡ್ಡಣ್ಣ. ಪೇಪರಿನಲ್ಲಿ ಚಿತ್ರ ನೋಡಿದಾಗ ನೆಂಟರ ಮನೆಯವರು ಟಿ.ವಿ.ಯಲ್ಲಿ ಬಂದ ಹಾಗಾಯಿತು.

ದೂರ ಯಾಕೆ, ನಮ್ಮ ಸಹ್ಯಾದ್ರಿಯದೇ ಮಾತು. ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ರಾತ್ರಿ ಹಾರುವ ಬಡಗಿ ದುಂಬಿಯೊಂದಿದೆ. ಚಂದ್ರನಿಲ್ಲದ ರಾತ್ರಿಯಲ್ಲೂ, ಬರೀ ನಕ್ಷತ್ರದ ಬೆಳಕಿನಲ್ಲಿ, ಅದು ಬಣ್ಣ ಗುರುತಿಸುತ್ತದೆ ಎಂದು ಹೇಮಾ ಸೋಮನಾಥನ್, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ಸಂಗಡಿಗರು 2008ರಲ್ಲಿ ತೋರಿಸಿದರು. ಮನುಷ್ಯನಿಗೆ ಆ ಬೆಳಕಿನಲ್ಲಿ ಎಲ್ಲವೂ ಬೂದಿ. ಓದಿದ ದಿನ ನನಗೆ ನಾನೇ ಕಂಬ ಹತ್ತಿ ಹಾಕಿದ ಬೀದಿದೀಪಗಳು ನೆನಪಾದವು. ಕಡಲ ದಂಡೆಗೆ ಹೈಮಾಸ್ಟ್ ಬೇಕೆಂದು ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ರಾತ್ರಿ ಬಲೆ ಎಳೆಯುವವರಿಗೆ ದೀಪ ಬೇಕು, ಸರಿ. ಊರು ಮಲಗಿದ ಮೇಲೂ ಬೆಳಗಿನ ತನಕ ಉರಿಯಬೇಕೇ? ಟೈಮರ್ ಹಾಕುವುದು ಅರ್ಧ ಗಂಟೆಯ ಕೆಲಸ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಗಳನ್ನು ಜನರಿಂದಲೇ ಕೇಳಿ ಬರೆದ ದಾಖಲಾತಿ ಇರಬೇಕು. ಒಳ್ಳೆಯ ಕಾಯಿದೆ. ನಾನು ನೋಡಿದ ಒಂದು ದಾಖಲಾತಿಯಲ್ಲಿ ಕೀಟಗಳ ಪುಟದಲ್ಲಿ "ಜೇನು, ಚಿಟ್ಟೆ, ಸೊಳ್ಳೆ, ಇತ್ಯಾದಿ" ಎಂದಿತ್ತು. ಆ ಇತ್ಯಾದಿಯೊಳಗೆ ಅಜ್ಜಿಯ ಕುಂಯ್‌ಗುಡು ಹುಳ ಇದೆ, ನನ್ನ ಎಲೆ ಸುರುಳಿ ಇದೆ, ನಮ್ಮ ಬದನೆ ಇದೆ. ಬರೆದವರು ಅಜ್ಜಿಯನ್ನು ಕೇಳಲಿಲ್ಲ. ನಮ್ಮ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗೆ ಕಾಡಿನ ತಾಯಿಮರ ಯಾವುದು, ಬೀಜ ಯಾವಾಗ ಆರಿಸಬೇಕು ಎಂಬುದು ಪುಸ್ತಕವಿಲ್ಲದೆ ಗೊತ್ತಿತ್ತು. ಅಕ್ಷರ ಬಾರದ ಅವರಿಗೆ ಪದ್ಮಶ್ರೀ ಬಂತು, ನಾವು ಚಪ್ಪಾಳೆ ಹೊಡೆದೆವು, 2024ರ ಡಿಸೆಂಬರಿನಲ್ಲಿ ಅವರು ಹೋದರು. ಅವರಂಥ ಕಣ್ಣು ಕಿವಿಯವರು ಇನ್ನೂ ಗದ್ದೆಗಳಲ್ಲಿದ್ದಾರೆ. ಪಂಚಾಯ್ತಿಯವರು ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಬದನೆ ಸಾಲಿನಲ್ಲಿ ಕೂತರೆ ಆ ಪುಟದ "ಇತ್ಯಾದಿ" ಹೊಡೆದುಹಾಕಬಹುದು. ಹಾಗೆಯೇ ಊರ ದಾರಿಬದಿಗೆ ಕಳೆನಾಶಕ ಬೇಡ, ತುಂಬೆ ಹೂವು ಮುಗಿದ ಮೇಲೆ ಕತ್ತಿ ಹಾಕೋಣ ಎಂದು ಗ್ರಾಮಸಭೆಯಲ್ಲಿ ಒಂದು ಠರಾವು. ಖರ್ಚಿಲ್ಲ. ಬಹುಶಃ ಅದಕ್ಕೇ ಆಗುತ್ತಿಲ್ಲ.

ನಾನು ಮಾಡಿದ್ದು ಸ್ವಲ್ಪ. ಹಿತ್ತಿಲ ಮೂಲೆಯಲ್ಲಿ ನಾಲ್ಕು ಹಾಸು ಇಂಟರ್‌ಲಾಕ್ ಕಿತ್ತು ಮಣ್ಣು ಬಿಟ್ಟಿದ್ದೇನೆ. ಮನೆಗೆ ಬಂದವರು ಕಲ್ಲು ಕಡಿಮೆ ಬಿತ್ತೇ ಎಂದು ಕೇಳುತ್ತಾರೆ. ಗುಲಾಬಿ ಕಡ್ಡಿ ಸವರಿದ ತುದಿಗಳನ್ನು ಸುಡುವುದಿಲ್ಲ. ಅದರ ತಿರುಳಿನಲ್ಲಿ ಸಾಸಿವೆಗಿಂತ ತುಸು ದೊಡ್ಡ ತೂತು ಕೊರೆದು ಹಸಿರು ಮಿಂಚಿನ ಪುಟ್ಟ ಜೇನು ಸಂಸಾರ ಮಾಡುತ್ತದೆ. ಗುಲಾಬಿ ಎಲೆಯ ಅಂಚು ಕಾಸಿನ ಹಾಗೆ ಕತ್ತರಿಸಿಹೋದರೆ ಹೆಂಡತಿ ಔಷಧ ಹೊಡೆ ಎನ್ನುತ್ತಿದ್ದಳು. ಈಗ ಎಷ್ಟು ತುಂಡು ಹೋಯಿತು ಎಂದು ಎಣಿಸುತ್ತಾಳೆ. ಜಗಲಿಯ ಹಳೆಯ 15 ಆಂಪಿಯರ್ ಪ್ಲಗ್ಗನ್ನು ತೆಗೆದಿಲ್ಲ, ಅದರ ವಯರು ಮಾತ್ರ ಹಿಂದಿನಿಂದ ಕತ್ತರಿಸಿದ್ದೇನೆ.

ನನ್ನ ಕಸುಬಿನ ಹುಡುಗರಲ್ಲಿ ಒಂದು ಮಾತು. ಹಳೆಯ ಬೋರ್ಡು ಬಿಚ್ಚುವಾಗ ಎಲೆಯ ಸುರುಳಿ ಉದುರಿದರೆ ಊದಿ ಚೆಲ್ಲಬೇಡಿ. ಮೊದಲು ಮೇನ್ ಆಫ್ ಮಾಡಿ, ಅದು ನಿಮಗಾಗಿ. ಆಮೇಲೆ ಸುರುಳಿಗಳನ್ನು ಒಂದು ಬೆಂಕಿಪೊಟ್ಟಣಕ್ಕೆ ಹಾಕಿ, ತುದಿಗೆ ಪೆನ್ಸಿಲು ಹೋಗುವಷ್ಟು ತೂತು ಮಾಡಿ, ಮಳೆ ತಾಗದ ಸೂರಿನಡಿ, ಇರುವೆ ಹತ್ತದ ಹಾಗೆ ದಾರದಿಂದ ತೂಗುಹಾಕಿ. ಮನೆಯವರು ಅದೇನೆಂದು ಕೇಳಿದರೆ ಜೇನು ಎನ್ನಿ. ತುಪ್ಪ ಎಲ್ಲಿ ಎಂದು ಖಂಡಿತ ಕೇಳುತ್ತಾರೆ. ಆಗ ಹಿತ್ತಿಲ ಬದನೆಗಿಡ ತೋರಿಸಿ.